ಇಪ್ಪತ್ತನ್ನು ನಂಬದ ಡೌಟಕ್ಕ

ಬೆಳಕು ಇನ್ನೂ ಕಿಟಕಿಯ ಸರಳುಗಳಾಚೆ ನಿಂತು, ಒಳಗೆ ಬರಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದೆ. ಗಂಡಸರ ವಾರ್ಡಿನಲ್ಲಿ ಡೌಟಕ್ಕ ಆಗಲೇ ಉಸಿರು ಎಣಿಸಲು ಶುರು ಮಾಡಿದ್ದಾರೆ. ಬಾಗಿಲ ಪಕ್ಕದ ಮಂಚದ ಅಜ್ಜನ ಮಣಿಕಟ್ಟು ಹಿಡಿದು, ಕೈಗಡಿಯಾರವನ್ನೊಮ್ಮೆ ನೋಡಿ, ಅವರ ಬನಿಯನ್ನಿನ ಮೇಲೆ ಕಣ್ಣು ನೆಟ್ಟು ನಿಂತಿದ್ದಾರೆ. ನೋಡಿದವರಿಗೆ ನಾಡಿ ಹಿಡಿದಂತೆ ಕಾಣುತ್ತದೆ. ಹಾಗೆ ಕಾಣಲಿ ಎಂದೇ ಹಿಡಿದಿರುವುದು. ನಾಡಿ ನೋಡಿದ್ದು ಆಗಲೇ ಮುಗಿದಿದೆ. ಈಗ ನಡೆಯುತ್ತಿರುವುದು ಕೈ ಹಿಡಿದು ಎದೆ ಕದಿಯುವ ಕೆಲಸ.

“ಉಸಿರು ಎಣಿಸ್ತಿದ್ದೀನಿ ಅಂತ ಅವರಿಗೆ ಗೊತ್ತಾಗಬಾರದು,” ಎನ್ನುತ್ತಾರೆ ಆಮೇಲೆ, ದನಿ ತಗ್ಗಿಸಿ. “ಗೊತ್ತಾಯ್ತೋ, ಮನುಷ್ಯ ಫೋಟೋಗೆ ನಿಂತ ಹಾಗೆ ಉಸಿರಾಡ್ತಾನೆ. ಕೈ ಹಿಡಿದ್ರೆ ನಾಡಿ ಅಂದ್ಕೊಂಡು ಸುಮ್ನಿರ್ತಾನೆ. ಮೋಸಾನೇ, ಇಲ್ಲ ಅನ್ನಲ್ಲ. ಆದ್ರೆ ಒಂದು ನಿಮಿಷದ್ದು.”

ಅಜ್ಜ ಕಣ್ಣು ಬಿಡುತ್ತಾರೆ. “ನಿದ್ದೆ ಬಂತಾ ಅಜ್ಜ?”

“ಎಲ್ಲೀ ನಿದ್ದೆ ತಾಯಿ, ಪಕ್ಕದೋನ ಗೊರಕೆ.”

“ಪಕ್ಕದೋರು ನಿಮ್ಮ ಗೊರಕೆ ಅಂತಾರೆ. ಇಬ್ರಲ್ಲಿ ಒಬ್ರು ಸುಳ್ಳು ಹೇಳ್ತಿದ್ದೀರಿ.”

“ಅವನೇ,” ಎಂದು ಅಜ್ಜ ಮಗ್ಗಲು ಬದಲಿಸುತ್ತಾರೆ.

ಡೌಟಕ್ಕ ಅವರ ನಿಜವಾದ ಹೆಸರಲ್ಲ ಎಂದು ಹೇಳಬೇಕಾಗಿಲ್ಲ. ವಾರ್ಡಿನ ಹಿರಿಯ ನರ್ಸ್. ರೋಗಿಗಳಿಗೆ ಸಿಸ್ಟರ್, ಆಯಾಗಳಿಗೆ ಅಕ್ಕ, ಬೆನ್ನ ಹಿಂದೆ ಎಲ್ಲರಿಗೂ ಡೌಟಕ್ಕ. ಅವರ ಅನುಮಾನಗಳಲ್ಲೆಲ್ಲ ದೊಡ್ಡ ಅನುಮಾನ ‘ಇಪ್ಪತ್ತು’ ಎಂಬ ಅಂಕಿಯ ಮೇಲೆ. ಮಂಚದ ಕಾಲಿಗೆ ತೂಗುಹಾಕಿರುವ ಚಾರ್ಟುಗಳನ್ನು ತೆಗೆದು ನೋಡಿದರೆ ನಿಮಗೂ ಅನುಮಾನ ಬಂದೀತು. ಜ್ವರ ಒಬ್ಬೊಬ್ಬರಿಗೆ ಒಂದೊಂದು, ನಾಡಿ ಒಬ್ಬೊಬ್ಬರಿಗೆ ಒಂದೊಂದು. ಉಸಿರಿನ ಸಾಲಿಗೆ ಬಂದರೆ ಮಾತ್ರ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ನ್ಯುಮೋನಿಯಾದವನಿಗೂ ಇಪ್ಪತ್ತು, ಮೂಳೆ ಮುರಿದು ಕ್ರಿಕೆಟ್ ಸ್ಕೋರು ಕೇಳುತ್ತಿರುವವನಿಗೂ ಇಪ್ಪತ್ತು.

“ಮೂವತ್ತು ಜನ ಗಂಡಸರು ಒಂದೇ ತಾಳದಲ್ಲಿ ಉಸಿರಾಡೋಕೆ ಇದೇನು ಕವಾಯತಾ?” ಎಂದು ಡೌಟಕ್ಕ ಕೇಳುತ್ತಾರೆ. ಬೈದ ಹಾಗಿದ್ದರೂ ಬೈಗುಳವಲ್ಲ. ನಾಡಿಗೆ, ರಕ್ತದೊತ್ತಡಕ್ಕೆ, ಆಮ್ಲಜನಕಕ್ಕೆ ಯಂತ್ರಗಳಿವೆ; ಈ ವಾರ್ಡಿನಲ್ಲಿ ಉಸಿರಿಗೆ ಇರುವುದು ಕಣ್ಣು ಮಾತ್ರ. ಇಬ್ಬರು ನರ್ಸ್‌ಗಳು ಮೂವತ್ತು ಎದೆಗಳ ಮುಂದೆ ಪೂರ್ತಿ ಒಂದೊಂದು ನಿಮಿಷ ನಿಂತರೆ ಮದ್ದು ಕೊಡುವವರು ಯಾರು, ಸೂಜಿ ಚುಚ್ಚುವವರು ಯಾರು? “ಸೋಮಾರಿತನ ಅಲ್ಲ ಅದು, ಸುಸ್ತು. ಚಾರ್ಟಲ್ಲಿರೋ ಇಪ್ಪತ್ತು ರೋಗಿ ಉಸಿರಲ್ಲ, ನಮ್ಮ ಹುಡುಗೀರ ಉಸ್ಸಪ್ಪಾ.”

ಹೀಗೆ ಒಂದೊಂದೇ ಉಸ್ಸಪ್ಪವನ್ನು ಅಳಿಸಿ ಉಸಿರು ಬರೆಯುತ್ತ ಅವರು ಮೂಲೆಯ ಮಂಚಕ್ಕೆ ಬರುತ್ತಾರೆ. ಅಲ್ಲಿ ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ.

ಮೂಲೆಯಲ್ಲಿರುವವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ನಿನ್ನೆ ಸಂಜೆ ಸೇರಿದ್ದಾರೆ. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ತೂತು ಕೊರೆಯುವಂಥ ನೋವು, ಜೊತೆಗೆ ವಾಂತಿ. ರಕ್ತ ಪರೀಕ್ಷೆಯಲ್ಲಿ ರೋಗದ ಹೆಸರು ಸಿಕ್ಕಿದೆ: ಮೇದೋಜೀರಕ ಗ್ರಂಥಿಯ ಉರಿಯೂತ. ಈ ನೋವಿಗೆ ಗೋಡೆ ಗುದ್ದಿದವರನ್ನು ಡೌಟಕ್ಕ ಕಂಡಿದ್ದಾರೆ. ಮೇಷ್ಟ್ರು ಮಾತ್ರ ಬೆನ್ನಿಗೆ ದಿಂಬು ಕೊಟ್ಟು, ಕೈಗಳನ್ನು ತೊಡೆಯ ಮೇಲೆ ಜೋಡಿಸಿ, ಪರೀಕ್ಷೆಗೆ ಕೂತವರಂತೆ ನೆಟ್ಟಗಿದ್ದಾರೆ.

“ಹೇಗಿದೆ ಮೇಷ್ಟ್ರೇ ನೋವು?”

“ಪರವಾಗಿಲ್ಲ ಸಿಸ್ಟರ್.”

“ಹತ್ತಕ್ಕೆ ಎಷ್ಟು?”

“ಎರಡು. ಬೇಕಾದ್ರೆ ಎರಡೂವರೆ ಇಟ್ಕೊಳ್ಳಿ.”

“ಈರುಳ್ಳಿ ಚೌಕಾಸಿ ಮಾಡಿದ ಹಾಗೆ ಹೇಳ್ತೀರಲ್ಲ!”

ಮೇಷ್ಟ್ರು ನಗುತ್ತಾರೆ. ನಗು ತುಟಿಯವರೆಗೆ ಬಂದು ಅಲ್ಲೇ ಬ್ರೇಕು ಹಾಕುತ್ತದೆ. ಡೌಟಕ್ಕನ ಒಳಗಿನ ಹುಳ ಮಿಸುಕುವುದು ಇಂಥಲ್ಲೇ. “ಕೂಗಾಡೋರನ್ನ ಕಂಡ್ರೆ ನನಗೆ ಭಯ ಇಲ್ಲ. ಈ ಪರವಾಗಿಲ್ಲ ಅನ್ನೋರಿದ್ದಾರಲ್ಲ, ಅವರ ಮಂಚದ ಹತ್ರ ಇನ್ನೊಂದು ಸಲ ಬಂದು ನಿಲ್ತೀನಿ. ಬೇರೆ ಕಡೆ ಮೌನ ಸಮ್ಮತಿಯ ಲಕ್ಷಣ ಇರಬಹುದು, ವಾರ್ಡಲ್ಲಿ ಅಲ್ಲ.”

ಅನುಮಾನ ಅವರಿಗೆ ತವರಿನ ಬಳುವಳಿ. ತಾಯಿ ರಸ್ತೆ ಬದಿಯಲ್ಲಿ ತರಕಾರಿ ಮಾರಿ ನಾಲ್ಕು ಮಕ್ಕಳನ್ನು ಸಾಕಿದಾಕೆ. ಮುಂಜಾನೆ ಸಗಟು ಮಂಡಿಗೆ ಮಗಳನ್ನೂ ಕರೆದೊಯ್ಯುತ್ತಿದ್ದಳು. ‘ತಕ್ಕಡಿ ನೋಡಬೇಡ, ತಕ್ಕಡಿ ಹಿಡಿದ ಕೈ ನೋಡು’ ಎಂಬುದು ಆಕೆ ಕಲಿಸಿದ ಮೊದಲ ಪಾಠ. ಮಗಳು ನರ್ಸಿಂಗ್ ಕಲಿತಳು, ಮದುವೆಯಾದಳು, ಪಾಳಿಗಳ ನಡುವೆ ಒಂದು ಹೆಣ್ಣುಮಗುವನ್ನು ಬೆಳೆಸಿದಳು. ಆ ಮಗುವಿನ ಶಾಲೆಯ ವಾರ್ಷಿಕೋತ್ಸವಗಳನ್ನೆಲ್ಲ ಅವರು ಕಂಡದ್ದು ಫೋಟೋದಲ್ಲಿ. ನಿಂತು ನಿಂತು ಕಾಲಿನ ನರಗಳು ಹಗ್ಗದಂತೆ ಉಬ್ಬಿವೆ; ಬಿಗಿ ಕಾಲುಚೀಲ ಹಾಕದೆ ಮನೆಯಿಂದ ಹೊರಡುವಂತಿಲ್ಲ. ಗಂಡ ವೈರಿಂಗ್ ಕೆಲಸದವರು, ಹೆಂಡತಿಯ ದನಿಯಲ್ಲೇ ಹೆಂಡತಿಯನ್ನು ಅಣಕಿಸುವುದರಲ್ಲಿ ನಿಸ್ಸೀಮರು. “‘ಸ್ವಿಚ್ ಆಫ್ ಮಾಡಿದ್ರಾ? ಮಾಡಿದ್ರಾ? ಎಲ್ಲಿ, ಇನ್ನೊಂದು ಸಲ ಆನ್ ಮಾಡಿ ಆಫ್ ಮಾಡಿ ನೋಡೋಣ.’ ಇದು ನಮ್ಮ ಸಂಸಾರ. ಗಡಿಯಾರ ಹನ್ನೆರಡು ಹೊಡೆದ್ರೆ ಇವಳು ಪಕ್ಕದಲ್ಲಿ ನಿಂತು ಎಣಿಸ್ತಾಳೆ ಕಣ್ರೀ.” ಮಗಳ ದೂರು ಬೇರೆ: “ನನ್ನ ಗೆಳತೀರೆಲ್ಲ ಹೊಟ್ಟೆನೋವು ಅಂತ ಹೇಳಿ ಶಾಲೆಗೆ ಚಕ್ಕರ್ ಹೊಡೆದ್ರು. ನಮ್ಮಮ್ಮ ಹೊಟ್ಟೆ ಒತ್ತಿ ನೋಡಿ, ‘ನೋವು ಎಡಗಡೆಗೆ ಹೋಯ್ತಾ? ಈಗಷ್ಟೇ ಬಲಗಡೆ ಇತ್ತು’ ಅಂತ ಬ್ಯಾಗ್ ಕೈಗೆ ಕೊಡೋರು.”

ಆಸ್ಪತ್ರೆಯಲ್ಲಿ ಈ ಗುಣಕ್ಕೆ ಯಾರೂ ಹಾರ ಹಾಕುವುದಿಲ್ಲ. ಲ್ಯಾಬಿನವರು ಫೋನ್ ಎತ್ತಿದ ಕೂಡಲೇ, “ಏನು ಡೌಟಕ್ಕ, ಇವತ್ತಿನದು ಎಷ್ಟನೇ ಡೌಟು?” ಎನ್ನುತ್ತಾರೆ. ಹತ್ತು ಅನುಮಾನಗಳಲ್ಲಿ ಒಂಬತ್ತು ಠುಸ್ಸೆನ್ನುತ್ತವೆ ಎಂಬುದನ್ನು ಅವರೇ ಒಪ್ಪುತ್ತಾರೆ. ಈ ಬೆಳಿಗ್ಗೆಯೇ ನೋಡಿ: ಮೇಷ್ಟ್ರ ನಾಡಿ ತೊಂಬತ್ತಾರು ತೋರಿಸಿದಾಗ ಯಂತ್ರ ಕೆಟ್ಟಿದೆ ಎಂದು ಇನ್ನೊಂದು ಯಂತ್ರ ತರಿಸಿದ್ದಾರೆ. ಅದೂ ತೊಂಬತ್ತಾರು ಎಂದಿದೆ. “ಹೋಗಲಿ, ಯಂತ್ರದ ಮೇಲಿನ ಅಪವಾದ ಕಳೀತು,” ಎಂದು ಆಯಾ ಮೊದಲಿನದನ್ನು ಒರೆಸಿ ಎತ್ತಿಟ್ಟಿದ್ದಾಳೆ.

ಈ ತೊಂಬತ್ತಾರು ಯಾಕೆ ಮುಖ್ಯ ಎನ್ನುವುದಕ್ಕೆ ಆ ಗ್ರಂಥಿಯ ಜಾತಕ ಸ್ವಲ್ಪ ತಿಳಿದಿರಬೇಕು. ಮೇದೋಜೀರಕ ಗ್ರಂಥಿ ಹೊಟ್ಟೆಯ ಹಿಂದೆ, ಬೆನ್ನಿಗೆ ಒರಗಿ ಉದ್ದನೆಯ ಎಲೆಯಂತೆ ಮಲಗಿರುತ್ತದೆ. ಆರೋಗ್ಯವಾಗಿರುವ ತನಕ ಅದು ಇದೆಯೆಂದೇ ಯಾರಿಗೂ ಗೊತ್ತಿರುವುದಿಲ್ಲ. ಕೆರಳಿದರೆ ಮಾತ್ರ, ಊಟ ಅರಗಿಸಬೇಕಾದ ರಸದಿಂದ ತನ್ನನ್ನೇ ಅರಗಿಸಿಕೊಳ್ಳಲು ಹೊರಡುತ್ತದೆ. ಹೆಚ್ಚಿನವರಲ್ಲಿ ಈ ಸಿಟ್ಟು ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ಬೆಂಕಿ ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ ಹಬ್ಬಿ ಜೀವಕ್ಕೇ ಸಂಚಕಾರ ತರುತ್ತದೆ. ಕಷ್ಟವೇನೆಂದರೆ ಮೊದಲ ದಿನ ಇಬ್ಬರೂ ಒಂದೇ ಥರ ಕಾಣುತ್ತಾರೆ. ಯಾರ ಬೆಂಕಿ ಆರುತ್ತದೆ, ಯಾರದು ಹಬ್ಬುತ್ತದೆ ಎಂದು ಆ ಮೊದಲ ದಿನದೊಳಗೇ ಊಹಿಸಿದರೆ, ಹಬ್ಬುವವರನ್ನು ಐಸಿಯುಗೆ ಒಯ್ದು ಗಂಟೆಗಂಟೆಗೂ ಕಾವಲು ಕಾಯಬಹುದು. ಇಲ್ಲದಿದ್ದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಊಹೆಗೊಂದು ಲೆಕ್ಕವಿದೆ. ಡ್ಯೂಟಿ ಡಾಕ್ಟರ್, ಡೌಟಕ್ಕನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದಾದ ಚುರುಕು ಕಣ್ಣಿನ ಹುಡುಗಿ, ಅದನ್ನು ಹೇಳುವುದು ಹೀಗೆ: “ಐದು ಪ್ರಶ್ನೆ, ಒಂದೊಂದಕ್ಕೆ ಒಂದು ಅಂಕ. ಕಮ್ಮಿ ಬಂದ್ರೇನೇ ಪಾಸಾಗೋ ಪರೀಕ್ಷೆ ಇದೊಂದೇ.” ರಕ್ತದಲ್ಲಿ ಯೂರಿಯಾ ಏರಿದೆಯೇ? ಬುದ್ಧಿಗೆ ಮಂಕು ಕವಿದಿದೆಯೇ? ವಯಸ್ಸು ಅರವತ್ತು ದಾಟಿದೆಯೇ? ಶ್ವಾಸಕೋಶದ ಸುತ್ತ ನೀರು ತುಂಬಿದೆಯೇ? ಇವು ನಾಲ್ಕು. ಐದನೆಯದು, ಉರಿ ಇಡೀ ಮೈಗೆ ಹಬ್ಬಿದೆಯೇ ಎಂಬ ಪ್ರಶ್ನೆ. ಇದಕ್ಕೆ ಮಾತ್ರ ಸಾಕ್ಷಿ ಬೇಕು. ಮೈ ಕಾವು, ನಾಡಿ, ಉಸಿರು, ರಕ್ತದ ಬಿಳಿ ಕಣಗಳು, ಈ ನಾಲ್ವರಲ್ಲಿ ಇಬ್ಬರಾದರೂ ಹೌದೆನ್ನಬೇಕು. ಒಟ್ಟು ಅಂಕ ಮೂರಕ್ಕೆ ಮುಟ್ಟಿದರೆ ಅಪಾಯದ ಗಂಟೆ.

ಮೇಷ್ಟ್ರಿಗೆ ಯೂರಿಯಾ ನಿನ್ನೆ ಸಂಜೆ ಹದ್ದಿನೊಳಗಿತ್ತು. ಬುದ್ಧಿ ಚುರುಕಾಗಿದೆ. ನಿನ್ನೆಯ ಎಕ್ಸ್‌ರೇಯಲ್ಲಿ ನೀರಿಲ್ಲ. ವಯಸ್ಸಿನ ವಿಷಯದಲ್ಲಿ ಮಾತ್ರ ಸಣ್ಣ ವಿಚಾರಣೆಯೇ ನಡೆದಿದೆ. ಮೇಷ್ಟ್ರು ಐವತ್ತೆಂಟು ಎಂದಿದ್ದರು. ಅರವತ್ತಾದರೆ ಸ್ಕೂಲಿನವರು ಸ್ಟೀರಿಂಗ್ ಬಿಡಿಸುತ್ತಾರೆ ಎಂಬ ಭಯ. ಪಕ್ಕದಲ್ಲಿದ್ದ ತಂಗಿ ತಡೆಯಲಾರದೆ, “ಅಣ್ಣಾ, ಹೋದ ತಿಂಗಳು ನನಗೇ ಅರವತ್ತು ತುಂಬ್ತು. ನೀನು ನನ್ನ ತಮ್ಮ ಯಾವಾಗ ಆದೆ?” ಎಂದಿದ್ದಾರೆ. ಅಲ್ಲಿಗೆ ಒಂದು ಅಂಕ. ಸಾಕ್ಷಿಗಳ ಪೈಕಿ ಜ್ವರವಿಲ್ಲ, ಬಿಳಿ ಕಣಗಳು ಗೆರೆಯ ಹತ್ತಿರ ಬಂದು ನಿಂತಿವೆ. ನಾಡಿ ಮಾತ್ರ ತೊಂಬತ್ತರ ಗೆರೆ ದಾಟಿ ಸಾಕ್ಷಿ ಹೇಳುತ್ತಿದೆ. ಒಂದು ಸಾಕ್ಷಿ ಸಾಲದು. ಇನ್ನುಳಿದದ್ದು ಉಸಿರು. ಅದರ ಗೆರೆ ಎಲ್ಲಿದೆ ಗೊತ್ತೇ? ಇಪ್ಪತ್ತರಲ್ಲಿ. ಇಪ್ಪತ್ತೆಂದರೆ ನಿರ್ದೋಷಿ, ಇಪ್ಪತ್ತೊಂದೆಂದರೆ ಸಾಕ್ಷಿ. ಚಾರ್ಟಿನಲ್ಲಿ ಬರೆದಿರುವುದೂ ಅದೇ ಸುಖಾಸುಮ್ಮನೆ ಇಪ್ಪತ್ತು.

ಡೌಟಕ್ಕ ಮಣಿಕಟ್ಟು ಹಿಡಿಯುತ್ತಾರೆ. ಪೂರ್ತಿ ನಿಮಿಷ. ಹದಿನೆಂಟು. ಅಳಿಸಿ ಹದಿನೆಂಟು ಬರೆಯುತ್ತಾರೆ. ಡಾಕ್ಟರ್ ಕೂಡಿಸುತ್ತಾಳೆ: ಒಟ್ಟು ಒಂದು. “ವಾರ್ಡಲ್ಲೇ ಇರಲಿ. ಡ್ರಿಪ್ ಹೋಗ್ತಿರಲಿ, ಮಧ್ಯಾಹ್ನ ಮತ್ತೆ ನೋಡೋಣ.”

ಮಂಚದ ಇನ್ನೊಂದು ಪಕ್ಕದಲ್ಲಿ ಬೇರೊಂದು ವಿಚಾರಣೆ ನಿನ್ನೆಯಿಂದಲೂ ನಡೆಯುತ್ತಿದೆ. ಸ್ಟೂಲಿನ ಮೇಲೆ ಕೈಕಟ್ಟಿ ಕೂತಿರುವ ಮೇಷ್ಟ್ರ ಹೆಂಡತಿಗೆ ಯಾರೋ ಹೇಳಿದ್ದಾರೆ, ಈ ಕಾಯಿಲೆ ಕುಡುಕರಿಗೆ ಬರುತ್ತದೆಂದು. ಅರ್ಧ ನಿಜ. ಕುಡಿತ ಒಂದು ಕಾರಣ, ಪಿತ್ತಕೋಶದ ಕಲ್ಲು ಇನ್ನೊಂದು, ಬೇರೆಯೂ ಇವೆ. ಹೊಟ್ಟೆಯ ಸ್ಕ್ಯಾನಿಂಗ್ ಇನ್ನೂ ಆಗಬೇಕು. ಅಲ್ಲಿಯವರೆಗೆ ಕಾಯುವ ತಾಳ್ಮೆ ಆಕೆಗಿಲ್ಲ.

“ರೀ, ನಿಜ ಹೇಳಿಬಿಡಿ. ಎಲ್ಲಿ ಕುಡಿದ್ರಿ? ಯಾರ ಜೊತೆ?”

“ಕುಡಿದಿಲ್ಲ ಕಣೆ.”

“ಹಾಗಾದ್ರೆ ಬಾಯಿ ಯಾಕೆ ಒರೆಸ್ಕೊಂಡ್ರಿ ಈಗ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ!” ಆಕೆ ಡೌಟಕ್ಕನ ಕಡೆ ತಿರುಗುತ್ತಾರೆ. “ನೀವೇ ಹೇಳಿ ಸಿಸ್ಟರ್. ಎರಡು ತಿಂಗಳಿಂದ ಸಂಜೆ ಮನೆಗೆ ಬಂದ್ರೆ ಬಾಯಲ್ಲಿ ಪೆಪ್ಪರ್‌ಮಿಂಟ್ ವಾಸನೆ. ಈ ವಯಸ್ಸಲ್ಲಿ ಪೆಪ್ಪರ್‌ಮಿಂಟ್ ಚೀಪೋಕೆ ಇವರೇನು ಅಂಗನವಾಡೀಲಿದ್ದಾರಾ? ಇನ್ನೊಂದು ವಾಸನೆ ಮುಚ್ಚೋಕೆ ತಾನೇ?”

“ಅತ್ತಿಗೆ, ಸಾಕು,” ಎನ್ನುತ್ತಾರೆ ಮೇಷ್ಟ್ರ ತಂಗಿ. “ನಿಮಗೆ ಅನುಮಾನ, ಅವನಿಗೆ ಅವಮಾನ. ವಾರ್ಡೆಲ್ಲ ಕೇಳಿಸ್ಕೋತಿದೆ.”

ವಾರ್ಡು ನಿಜಕ್ಕೂ ಕೇಳಿಸಿಕೊಳ್ಳುತ್ತಿದೆ. ಗೊರಕೆಯ ಅಜ್ಜ ದಿಂಬಿನಿಂದ ತಲೆ ಎತ್ತಿ ಕಿವಿಯನ್ನು ಈ ಕಡೆಗೆ ಹೊಂದಿಸಿಕೊಂಡಿದ್ದಾರೆ. ಡೌಟಕ್ಕ ಚಾರ್ಟು ತೂಗುಹಾಕಿ ಹೊರಡುತ್ತಾರೆ. ಒಳಗೊಳಗೆ ಅವರೂ ಪೆಪ್ಪರ್‌ಮಿಂಟ್ ಪಕ್ಷ. ಗಂಡಸಿನ ಬಾಯಲ್ಲಿ ಹಠಾತ್ತನೆ ಪರಿಮಳ ಬಂದರೆ ಯಾವ ಹೆಂಗಸಿನ ಮೂಗು ಸುಮ್ಮನಿದ್ದೀತು?

ಆದರೆ ಅವರ ಕಾಲು ಕೈತೊಳೆಯುವ ಬೇಸಿನ್ನಿನ ಹತ್ತಿರ ನಿಲ್ಲುತ್ತದೆ. ಬೆನ್ನ ಹಿಂದಿನಿಂದ ಮೇಷ್ಟ್ರ ದನಿ. ತಂಗಿಯ ಹತ್ತಿರ ಏನೋ ಹೇಳುತ್ತಿದ್ದಾರೆ. “ಸ್ಕೂಲಿಗೆ... ಫೋನ್ ಮಾಡು... ಇವತ್ತು ಟೆಸ್ಟು... ಮೂರು ಜನದ್ದು.”

ಒಂದು ಸಾಲಿನ ಮಾತಿಗೆ ಮೂರು ಕಡೆ ಸ್ಟಾಪು. ಹದಿನೆಂಟು ಉಸಿರಿನ ಮನುಷ್ಯ ಹೀಗೆ ಮಾತಾಡುವುದಿಲ್ಲ.

ಡೌಟಕ್ಕ ತಿರುಗಿ ನೋಡುವಷ್ಟರಲ್ಲಿ ಮೇಷ್ಟ್ರು ಮತ್ತೆ ನೆಟ್ಟಗೆ, ನಿಧಾನಕ್ಕೆ, ಶಾಂತಮೂರ್ತಿ. ಪಕ್ಕದ ಮಂಚದ ಚಾದರ ಸರಿಪಡಿಸುವ ನೆಪದಲ್ಲಿ ಮತ್ತೆ ಎಣಿಸಲು ನೋಡುತ್ತಾರೆ. ಆಗ ಕಾಣುತ್ತದೆ: ಮೇಷ್ಟ್ರ ಕಣ್ಣು ಕಿಟಕಿಯ ಗಾಜಿನ ಮೇಲಿದೆ, ಗಾಜಿನಲ್ಲಿ ಡೌಟಕ್ಕನೇ ಇದ್ದಾರೆ. ಕನ್ನಡಿಯಲ್ಲಿ ಲೋಕ ನೋಡುವ ಕಸುಬಿನವರಿಗೆ ಬೆನ್ನಿಗೂ ಕಣ್ಣು. ಇಷ್ಟು ವರ್ಷದ ಮಣಿಕಟ್ಟಿನ ಉಪಾಯದ ಬಣ್ಣ ಇವರ ಮುಂದೆ ಬಯಲಾಗಿದೆ. ಹಾಗಾದರೆ ತಾನೇ ಬರೆದ ಹದಿನೆಂಟು? ಊರಿನ ಇಪ್ಪತ್ತನ್ನೆಲ್ಲ ಅನುಮಾನಿಸಿದವರು ತಮ್ಮ ಕೈಬರಹವನ್ನು ನೋಡುತ್ತ ನಿಲ್ಲುತ್ತಾರೆ. ಸುಸ್ತಿನಿಂದ ಬರೆದ ಇಪ್ಪತ್ತಿಗಿಂತ ನಂಬಿಕೆಯಿಂದ ಬರೆದ ಹದಿನೆಂಟು ಹೆಚ್ಚು ಅಪಾಯ. ಅದನ್ನು ಇನ್ನು ಯಾರೂ ತಿರುಗಿ ನೋಡುವುದಿಲ್ಲ.

ಹೋಗಿ ಡಾಕ್ಟರಿಗೆ ಹೇಳುತ್ತಾರೆ. ಡಾಕ್ಟರ್ ನಗುವುದಿಲ್ಲ, ಎದ್ದು ಬರುತ್ತಾಳೆ, ತಾನೇ ಎಣಿಸುತ್ತಾಳೆ. ಬಿಳಿ ಕೋಟು ಕಂಡ ಮೇಷ್ಟ್ರು ಇನ್ನಷ್ಟು ಶಿಸ್ತಾಗಿ ಹದಿನೇಳಕ್ಕೆ ಇಳಿಯುತ್ತಾರೆ.

“ನಂಗೂ ಆ ನಾಡಿ ಸರಿ ಕಾಣ್ತಿಲ್ಲ ಸಿಸ್ಟರ್,” ಎನ್ನುತ್ತಾಳೆ ಡಾಕ್ಟರ್ ಪಡಸಾಲೆಗೆ ಬಂದು. “ನೋವಿಗೂ ಹಾಗೆ ಓಡಬಹುದು, ಬೆಂಕಿಗೂ ಓಡಬಹುದು. ಆದ್ರೆ ಐಸಿಯುನಲ್ಲಿ ಖಾಲಿ ಇರೋದು ಒಂದೇ ಹಾಸಿಗೆ. ಅನುಮಾನಕ್ಕೆ ಅಂಕ ಕೊಡೋ ಕಾಲಮ್ಮು ಈ ಲೆಕ್ಕದಲ್ಲಿಲ್ಲ. ನಂಗೊಂದು ನಿಜವಾದ ಉಸಿರು ತಂದುಕೊಡಿ.”

ನಿಜವಾದ ಉಸಿರು ಯಾರ ಮುಂದೆ ಬರುತ್ತದೆ? ನೋಡುತ್ತಿದ್ದರೂ ನೋಡುತ್ತಿದ್ದಾರೆ ಎಂದು ಅನಿಸದವರ ಮುಂದೆ. ಡೌಟಕ್ಕ ಒಂದು ಗಳಿಗೆ ಯೋಚಿಸಿ, ಸ್ಟೂಲಿನ ಮೇಲಿನ ತನಿಖಾಧಿಕಾರಿಯನ್ನು ಕೈಸನ್ನೆಯಿಂದ ಹೊರಗೆ ಕರೆಯುತ್ತಾರೆ.

ಆಕೆ ಸೆರಗು ಸರಿಮಾಡಿಕೊಂಡು ಓಡಿ ಬರುತ್ತಾರೆ. “ಗೊತ್ತಾಯ್ತಾ ಸಿಸ್ಟರ್? ಕುಡಿದಿದ್ರು ತಾನೇ?”

“ಕೇಳಮ್ಮ ಇಲ್ಲಿ. ಈ ಕಾಯಿಲೆ ಯಾಕೆ ಬಂತು ಅಂತ ಸ್ಕ್ಯಾನಿಂಗ್ ಹೇಳುತ್ತೆ, ಇವತ್ತಲ್ಲ ನಾಳೆ. ಎಷ್ಟು ಜೋರಾಗಿ ಬಂದಿದೆ ಅಂತ ಗೊತ್ತಾಗಬೇಕಾಗಿರೋದು ಈಗ. ಅವರು ಉಸಿರಲ್ಲಿ ಸುಳ್ಳು ಹೇಳ್ತಿದ್ದಾರೆ.”

“ಉಸಿರಲ್ಲೂ ಸುಳ್ಳಾ!” ಆಕೆಯ ಕಣ್ಣು ಅರಳುತ್ತದೆ. ತನ್ನ ಗಂಡನ ಪ್ರತಿಭೆ ಈ ಮಟ್ಟದ್ದೆಂದು ಆಕೆಗೂ ಗೊತ್ತಿರಲಿಲ್ಲ.

“ನಾವು ನೋಡ್ತಿದ್ರೆ ಬಿಗಿ ಹಿಡೀತಾರೆ. ನೀನು ಒಂದು ಕೆಲಸ ಮಾಡು. ಗಂಡನ್ನ ಅನುಮಾನಿಸಿದ್ದು ಸಾಕು, ಅವರ ಉಸಿರನ್ನ ಅನುಮಾನಿಸು. ಹೋಗಿ ಪಕ್ಕದಲ್ಲಿ ಕೂತ್ಕೋ. ಏನೂ ಕೇಳಬೇಡ. ಕುಡಿತದ ಸುದ್ದಿ ಎತ್ತಬೇಡ. ಸುಮ್ನೆ ಕೈ ಹಿಡ್ಕೊಂಡು ಕೂತ್ಕೋ. ಎದೆ ಒಂದು ಸಲ ಏರಿ ಇಳಿದ್ರೆ ಒಂದು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಓಡುತ್ತಲ್ಲ, ಅದು ಒಂದು ಸುತ್ತು ಬರೋವರೆಗೆ. ಬೆರಳ ಗೆಣ್ಣಲ್ಲಿ ಎಣಿಸು, ಬಾಯಲ್ಲಿ ಬೇಡ.”

“ಸುಮ್ನೆ ಕೈ ಹಿಡ್ಕೊಂಡ್ರೆ ಅವರಿಗೇ ಅನುಮಾನ ಬರುತ್ತಲ್ಲ ಸಿಸ್ಟರ್,” ಎನ್ನುತ್ತಾರೆ ಆಕೆ. “ಕೈ ಹಿಡಿದು ಕೂತು ಎಷ್ಟು ವರ್ಷವಾಯ್ತೋ.”

ಆಕೆ ಹೋಗಿ ಕೂರುತ್ತಾರೆ. ಡೌಟಕ್ಕ ಬಾಗಿಲ ಮರೆಯಲ್ಲಿ. ಆಕೆ ಕೈ ಹಿಡಿದಾಗ ಮೇಷ್ಟ್ರು ಬೆಚ್ಚಿ ನೋಡುತ್ತಾರೆ, ಮುಂದಿನ ಪ್ರಶ್ನೆಗೆ ಕಾಯುತ್ತಾರೆ. ಪ್ರಶ್ನೆ ಬರುವುದಿಲ್ಲ. ಇನ್ನೂ ಕಾಯುತ್ತಾರೆ. ಆಮೇಲೆ, ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಸಡಿಲಿಸಿದಂತೆ, ಭುಜಗಳು ಮೆಲ್ಲಗೆ ಕೆಳಗಿಳಿಯುತ್ತವೆ. ತಲೆ ದಿಂಬಿಗೆ ಒರಗುತ್ತದೆ. ಕಣ್ಣು ಮುಚ್ಚುತ್ತದೆ. ಅಂಗಿಯ ಗುಂಡಿಗಳು ಒಂದರ ಹಿಂದೊಂದು ಓಡಲು ಶುರುಮಾಡುತ್ತವೆ.

ಹೆಂಡತಿಯ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹಾರುತ್ತಿದೆ. ಮುಳ್ಳು ಒಂದು ಸುತ್ತು ಮುಗಿಸುತ್ತದೆ, ಆಕೆ ಏಳುವುದಿಲ್ಲ. ಎರಡನೆಯ ಸುತ್ತು. ಮೂರನೆಯದು. ಎದ್ದು ಬಂದಾಗ ಮುಖದ ಮೇಲಿದ್ದ ತನಿಖಾಧಿಕಾರಿ ಎಲ್ಲೋ ಹೊರಟುಹೋಗಿದ್ದಾರೆ.

“ಇಪ್ಪತ್ತೆಂಟು ಸಿಸ್ಟರ್.”

“ಮೂರು ಸಲ ಯಾಕಮ್ಮ?”

“ಗಂಡನ ಮಾತನ್ನೇ ನಂಬದೋಳು ಒಂದು ಸಲ ಎಣಿಸಿದ್ದನ್ನ ನಂಬ್ತೀನಾ? ಒಂದು ಸಲ ಇಪ್ಪತ್ತೆಂಟು, ಇನ್ನೊಂದು ಸಲ ಇಪ್ಪತ್ತೊಂಬತ್ತು, ಆಮೇಲೆ ಮತ್ತೆ ಇಪ್ಪತ್ತೆಂಟು.” ಆಕೆ ತಿರುಗಿ ಗಂಡನ ಕಡೆ ನೋಡುತ್ತಾರೆ. “ಜಾಸ್ತಿನಾ?”

ಡೌಟಕ್ಕ ಉತ್ತರಿಸುವ ಮೊದಲು ಡಾಕ್ಟರನ್ನು ಕರೆತರುತ್ತಾರೆ. ಇಬ್ಬರೂ ಮಂಪರಿನಲ್ಲಿರುವ ಮೇಷ್ಟ್ರನ್ನು ಬಾಗಿಲಿನಿಂದಲೇ ಎಣಿಸುತ್ತಾರೆ. ಇಪ್ಪತ್ತೆಂಟೇ. ಎರಡನೆಯ ಸಾಕ್ಷಿ ಬಾಯಿ ಬಿಟ್ಟಿದೆ. ಒಂದಿದ್ದ ಅಂಕ ಎರಡಾಗುತ್ತದೆ. ಡಾಕ್ಟರ್ ಮಧ್ಯಾಹ್ನದವರೆಗೆ ಕಾಯುವುದಿಲ್ಲ. ಯೂರಿಯಾ ಮತ್ತೆ ಕಳಿಸುತ್ತಾಳೆ, ಎಕ್ಸ್‌ರೇ ಯಂತ್ರವನ್ನು ಮಂಚದ ಹತ್ತಿರಕ್ಕೇ ತಳ್ಳಿಸುತ್ತಾಳೆ. ಯೂರಿಯಾ ಇನ್ನೂ ಹದ್ದಿನೊಳಗೇ ಇದೆ. ಎಡ ಶ್ವಾಸಕೋಶದ ಬುಡದಲ್ಲಿ ಮಾತ್ರ, ನಿನ್ನೆ ಇಲ್ಲದ ಕಡೆ, ನೀರಿನ ಬಿಳಿ ಗೆರೆ ಕಾಣುತ್ತಿದೆ. ಮೂರು.

ಐಸಿಯುಗೆ ಹೊರಡುವ ಟ್ರಾಲಿಯ ಮೇಲೆ ಮೇಷ್ಟ್ರು ಡೌಟಕ್ಕನನ್ನು ನೋಡುತ್ತಾರೆ. ಈಗ ಬಿಗಿ ಹಿಡಿಯುವ ಶಕ್ತಿಯಿಲ್ಲ. “ನೀವು ಕೈ ಹಿಡಿದಾಗ್ಲೇ... ಗೊತ್ತಾಯ್ತು ಸಿಸ್ಟರ್. ನಾನೂ ಹುಡುಗ್ರ ಹತ್ರ... ಹವಾಮಾನ ಮಾತಾಡ್ತಾ... ಬ್ರೇಕಿನ ಮೇಲೆ ಅವರ ಕಾಲು ನೋಡೋನೇ.”

“ಯಾಕೆ ಮೇಷ್ಟ್ರೇ ಮುಚ್ಚಿಟ್ರಿ?”

“ಎರಡು ತಿಂಗಳಿಂದ... ಊಟ ಆದ ಮೇಲೆ ನೋವು. ಗ್ಯಾಸು ಅಂದ್ಕೊಂಡು... ಪೆಪ್ಪರ್‌ಮಿಂಟ್ ತಿಂತಿದ್ದೆ. ನೋವು ಜೋರು ಅಂದ್ರೆ... ಇವಳು ಕುಡಿತ ಅಂತಿದ್ಲು. ಕಮ್ಮಿ ಅಂದ್ರೆ... ಕೇಸು ಬಿದ್ದುಹೋಗುತ್ತೆ ಅಂತ.”

ಟ್ರಾಲಿಯ ಪಕ್ಕದಲ್ಲಿ ನಡೆಯುತ್ತಿದ್ದ ಹೆಂಡತಿ ಗಂಡನ ಕೈ ಬಿಟ್ಟಿಲ್ಲ. ಈಗ ಎಣಿಸುತ್ತಿದ್ದಾರೋ ಇಲ್ಲವೋ ಹೇಳುವುದು ಕಷ್ಟ.

ಮುಂದಿನ ದಿನಗಳು ಸುಲಭದವಲ್ಲ. ಮೂತ್ರಪಿಂಡ ಮುನಿಸಿಕೊಳ್ಳುತ್ತದೆ, ಉಸಿರಿಗೆ ಯಂತ್ರದ ಆಸರೆ ಬೇಕಾಗುತ್ತದೆ, ಒಂದು ಸಂಜೆ ತಂಗಿಯನ್ನೂ ಹೆಂಡತಿಯನ್ನೂ ಒಟ್ಟಿಗೇ ಒಳಗೆ ಕರೆದು ಡಾಕ್ಟರ್ ಧೈರ್ಯ ಹೇಳುತ್ತಾಳೆ. ಆ ಸಂಜೆ ಅತ್ತಿಗೆ ನಾದಿನಿಯರು ಒಂದೇ ಸ್ಟೂಲಿನ ಮೇಲೆ ಕೂರುತ್ತಾರೆ. ಆಮೇಲೆ ಮೇಷ್ಟ್ರು ಒಂದೊಂದೇ ಗೇರು ಬದಲಿಸುತ್ತ ಈಚೆಗೆ ಬರುತ್ತಾರೆ. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ತುಂಬ ಕಲ್ಲು. ಅದನ್ನು ತೆಗೆಸುವ ಮುಂಚೆ ಮನೆಗೆ ಬಿಡುವುದಿಲ್ಲ ಎಂದಾಗಿದೆ. ವಾರ್ಡಿನ ಅದೇ ಮೂಲೆಯಲ್ಲಿ ಈಗ ಅವರು ದನಿಯೆತ್ತಿ ನರಳುತ್ತಾರೆ. ಡೌಟಕ್ಕನಿಗೆ ಅದನ್ನು ಕೇಳುವುದೇ ಸಂತೋಷ.

ಅರ್ಧ ದಿನ ತಡವಾಗಿದ್ದರೆ ಏನಾಗುತ್ತಿತ್ತು? ಡಾಕ್ಟರ್ ತಲೆಯಾಡಿಸುತ್ತಾಳೆ. “ಗೊತ್ತಿಲ್ಲ. ಮೂರು ಬಂದೋರು ತಾವಾಗೇ ಎದ್ದು ಹೋಗಿದ್ದಿದೆ, ಸೊನ್ನೆ ಬಂದೋರು ಕೈಕೊಟ್ಟಿದ್ದೂ ಇದೆ. ಅಂಕ ಭವಿಷ್ಯ ಹೇಳಲ್ಲ, ಎಲ್ಲಿ ಕಣ್ಣಿಡಬೇಕು ಅಂತ ಹೇಳುತ್ತೆ. ಕಣ್ಣಿಡೋಕೆ ಸಿಸ್ಟರ್ ಇದ್ರು.”

ಸಿಸ್ಟರ್ ಈ ಹೊಗಳಿಕೆಯನ್ನೂ ಪೂರ್ತಿ ನಂಬುವುದಿಲ್ಲ. “ನಾನೇ ಹದಿನೆಂಟು ಬರೆದೋಳು. ಎಣಿಸಿದ್ದು ಆಯಮ್ಮ. ನಾನೂ ಅವರು ಕುಡಿದಿದ್ದಾರೆ ಅಂತಾನೇ ಅಂದ್ಕೊಂಡಿದ್ದೆ, ಬರ್ಕೊಳ್ಳಿ. ಅಂಕಿ ಮೇಲೆ ಅನುಮಾನ ಪಡಬೇಕು, ಮನುಷ್ಯರ ಮೇಲಲ್ಲ ಅಂತ ನನಗೆ ನಾನೇ ಹೇಳ್ಕೋತೀನಿ. ಆದ್ರೆ ಈ ಹುಳಕ್ಕೆ ಬಾಗಿಲು ಯಾವುದು ಗೋಡೆ ಯಾವುದು ಗೊತ್ತಾಗಲ್ಲ.”

ಮೇಷ್ಟ್ರ ಹೆಂಡತಿಯ ಹುಳ ಕೂಡ ಬದುಕಿಯೇ ಇದೆ. “ಕಲ್ಲೇ ಇರಬಹುದು,” ಎನ್ನುತ್ತಾರೆ ಆಕೆ, ಗಂಡನ ದಿಂಬು ಕೊಡವುತ್ತ. “ಆದ್ರೆ ಸುಮ್ಸುಮ್ನೆ ಕಲ್ಲು ಯಾಕಾಗುತ್ತೆ? ಹೊರಗಡೆ ಏನೇನು ತಿಂದಿದ್ದಾರೋ, ಯಾರಿಗೆ ಗೊತ್ತು.” ಮೇಷ್ಟ್ರು ಕಣ್ಣು ಮುಚ್ಚುತ್ತಾರೆ. ಆಕೆ ಗೋಡೆ ಗಡಿಯಾರ ನೋಡುತ್ತಾರೆ.

ಡೌಟಕ್ಕನಿಗೆ ನಿವೃತ್ತಿ ಹತ್ತಿರವಾಗುತ್ತಿದೆ. ಸನ್ಮಾನ, ಶಾಲು ಎಂದರೆ ಸಿಂಥೆಟಿಕ್ಕೋ ಉಣ್ಣೆಯೋ ಎಂದು ತಿರುಗಿಸಿ ನೋಡುವ ಜಾತಿ. ಇನ್ನೇನಾದರೂ ಬೇಕೇ ಎಂದರೆ ಡ್ರಿಪ್ಪಿನ ಹನಿಗಳನ್ನು ಎಣಿಸಿ ಮುಗಿಸಿ ಮಾತಿಗೆ ಬರುತ್ತಾರೆ.

“ನಾನೂ ಒಂದಿನ ಇಂಥದ್ದೇ ಒಂದು ಮಂಚದ ಮೇಲೆ ಬಂದು ಮಲಗ್ತೀನಲ್ವಾ? ಇಷ್ಟು ವರ್ಷ ಇಲ್ಲಿದ್ದೋಳು, ಹುಡುಗೀರಿಗೆ ತೊಂದರೆ ಕೊಡೋಕೆ ನಾಚಿಕೆ ಆಗುತ್ತೆ. ನನಗೇನೂ ಆಗಿಲ್ಲ, ನೀವು ಬೇರೆಯವರನ್ನ ನೋಡ್ಕೊಳ್ರಮ್ಮ ಅಂತೀನಿ, ಖಂಡಿತ ಅಂತೀನಿ.” ನಗುತ್ತಾರೆ. “ಅವತ್ತು ನನ್ನ ಮಾತನ್ನ ಯಾರೂ ನಂಬಬಾರದು. ಅಷ್ಟಾದ್ರೆ ಸಾಕು.”